ಏಳನೇ ಸೀಟಿನ ಐವತ್ತೆಂಟು ಡಿಗ್ರಿ

ಬೆಳಿಗ್ಗೆ ಐದೂವರೆ. ಆ್ಯಂಬುಲೆನ್ಸ್ ಬೇಕೆಂದು ಜನ ಫೋನ್ ಮಾಡಿದರೆ ಅದನ್ನು ಎತ್ತಿಕೊಳ್ಳುವ ಕೊಠಡಿ ಇದು. ಹದಿನೆಂಟು ಸೀಟು, ಹದಿನೆಂಟು ಕಂಪ್ಯೂಟರ್. ರಾತ್ರಿ ಪಾಳಿಯವರು ಒಬ್ಬೊಬ್ಬರಾಗಿ ಎದ್ದು ಮೈ ಮುರಿಯುತ್ತಿದ್ದಾರೆ, ಹಗಲು ಪಾಳಿಯವರು ಇನ್ನೂ ಟೀ ಲೋಟದ ಮುಂದಿದ್ದಾರೆ. ಹನ್ನೊಂದನೇ ಸೀಟಿನ ಮೇಜಿನ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿವೆ. ಸಿನಿಮಾದಲ್ಲೂ ಹೀರೋ ಎಂಟ್ರಿ ಕಾಲಿನಿಂದಲೇ ತಾನೆ? ಮೊದಲು ಬೂಟು, ಆಮೇಲೆ ಏಳುವ ಧೂಳು, ಕೊನೆಗೆ ಮುಖ. ಇಲ್ಲಿ ಬೂಟಿಲ್ಲ. ಒಡೆದ ಹಿಮ್ಮಡಿ ಇದೆ. ಧೂಳಿಗೆ ಮಾತ್ರ ಬರವಿಲ್ಲ.

ಕಾಲುಗಳ ಒಡತಿ ಕಂಪ್ಯೂಟರ್ ಡಬ್ಬವನ್ನು ಎಳೆದುಕೊಂಡು ಹೊರಬರುತ್ತಾರೆ. ವಯಸ್ಸು ನಲವತ್ತಮೂರು, ಸೆರಗು ಸೊಂಟಕ್ಕೆ ಬಿಗಿದಿದೆ, ಬಾಯಲ್ಲಿ ಎರಡು ಸ್ಕ್ರೂ. ಡಬ್ಬದ ಪಕ್ಕದ ತಗಡು ಕಳಚಿದರೆ ಒಳಗೆ ಬೂದು ಬಣ್ಣದ ಕಂಬಳಿ ಹಾಸಿದಂತಿದೆ. ಉಗುರಿನಿಂದ ಎತ್ತಿದರೆ ಇಡೀ ಹಾಳೆಯಾಗಿ ಎದ್ದು ಬರುತ್ತದೆ. ಅದರ ನಡುವೆ ಒಣಗಿ ಹಪ್ಪಳವಾದ ಒಂದು ಹಲ್ಲಿ. ನೋಡುತ್ತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರೆ, ಅವರು ಅದನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಡುತ್ತಾರೆ. "ಹನ್ನೊಂದು ತಿಂಗಳ ಹಿಂದೆ ನಾನೇ ಕ್ಲೀನ್ ಮಾಡಿದ್ದು ಇದನ್ನ. ಅಷ್ಟರಲ್ಲಿ ಬಂದು ಸಂಸಾರ ಹೂಡಿದ್ದಾನೆ ಮಹರಾಯ," ಎನ್ನುತ್ತಾರೆ.

ಇವರನ್ನು ಎಲ್ಲರೂ ತಂಪಕ್ಕ ಎನ್ನುತ್ತಾರೆ. ಈ ಕೊಠಡಿಯ ಉಸ್ತುವಾರಿ ಹೊತ್ತ ಹೆಡ್ ಮೇಡಂ ಹಾಗೇ ಕರೆಯುತ್ತಾರೆ, ಕೆಲಸ ಕೊಟ್ಟ ರಿಪೇರಿ ಅಂಗಡಿಯ ಯಜಮಾನರೂ ಹಾಗೇ ಕರೆಯುತ್ತಾರೆ. ಕಂಪ್ಯೂಟರಿನ ಬಿಸಿ ಇಳಿಸುವುದು ಇವರ ಕೆಲಸ. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಇವರಿಗೊಂದು ಪರೀಕ್ಷೆ ಇದೆ. ಏಳನೇ ಸೀಟಿನ ಕಂಪ್ಯೂಟರ್ ಮೂರೂವರೆಯವರೆಗೆ ಪರದೆ ಕಪ್ಪಾಗಿ ಆರದೆ ಉಳಿದರೆ ಒಬ್ಬ ಹುಡುಗಿಯ ಕೆಲಸ ಉಳಿಯುತ್ತದೆ, ಆರಿದರೆ ಹೋಗುತ್ತದೆ. ಮೂರು ದಿನದ ಪರೀಕ್ಷೆಯಲ್ಲಿ ಎರಡು ದಿನ ಪಾಸಾಗಿದೆ. ಇವತ್ತು ಕೊನೆಯದು.

ಹುಡುಗಿಯ ಕೆಲಸಕ್ಕೂ ತಂಪಕ್ಕನಿಗೂ ಏನು ಸಂಬಂಧ? ಕೇಳಿದವರ ಬಾಯಿ ತೆರೆದದ್ದು ತೆರೆದಂತೇ ಉಳಿಯುವ ಕಥೆ ಅದು. ಅದಕ್ಕೆ ಮೊದಲು ಕೆಲಸ ಏನೆಂದು ತಿಳಿಯಬೇಕು.

ಕಂಪ್ಯೂಟರಿನ ಮಿದುಳಿಗೆ ಪ್ರೊಸೆಸರ್ ಎಂದು ಹೆಸರು. ಗಾತ್ರ ಒಂದು ಬಿಸ್ಕತ್ತಿನಷ್ಟು. ಸಿಟ್ಟು ಮಾತ್ರ ವಿಲನ್ನಿನದು, ಕೆಲಸ ಹೆಚ್ಚಿದರೆ ಸಾಕು, ಕುದಿಯುವ ನೀರಿನ ಬಿಸಿಗೆ ಏರುತ್ತದೆ. ಅದರ ತಲೆಯ ಮೇಲೆ ಹೀಟ್ ಸಿಂಕ್ ಕೂತಿರುತ್ತದೆ. ಅದಕ್ಕೆ ತಾಮ್ರದ ತಳ, ಬಾಚಣಿಗೆ ಹಲ್ಲಿನಂತೆ ಸಾಲಾಗಿ ನಿಂತ ತಗಡುಗಳು, ಮೇಲೊಂದು ಫ್ಯಾನ್. ಬಿಸಿಯನ್ನು ಹೀರಿ ಗಾಳಿಗೆ ಬಿಡುವುದು ಅದರ ಕೆಲಸ. ಇವೆರಡರ ಮಧ್ಯೆ ಹಚ್ಚುವ ಬೂದು ಬಣ್ಣದ ಲೇಪವೇ ಥರ್ಮಲ್ ಪೇಸ್ಟ್. ಎರಡು ಲೋಹಗಳೂ ಕನ್ನಡಿಯಂತೆ ಹೊಳೆಯುವಾಗ ಮಧ್ಯೆ ಲೇಪ ಯಾಕೆ ಎಂದು ಕೇಳಿದರೆ ತಂಪಕ್ಕ ಗೋಡೆ ತೋರಿಸುತ್ತಾರೆ.

"ಈ ಗೋಡೆ ಕಣ್ಣಿಗೆ ನುಣ್ಣಗಿದೆ. ಕೈ ಆಡಿಸಿ ನೋಡಿ, ತರಿತರಿ. ಲೋಹಾನೂ ಅಷ್ಟೆ, ಕಣ್ಣಿಗೆ ಕಾಣದ ಗುಂಡಿ ಇರ್ತವೆ. ಗುಂಡೀಲಿ ಗಾಳಿ ಕೂತ್ಕೊಂಡ್ರೆ ಬಿಸಿ ಮೇಲಕ್ಕೆ ಹೋಗಲ್ಲ. ಗುಂಡಿ ತುಂಬ್ಸೋಕೆ ಪೇಸ್ಟು. ಗೋಡೆ ಕಟ್ಟೋಕಲ್ಲ."

ಗೋಡೆಯ ಮಾತು ಸುಮ್ಮನೆ ಬಂದದ್ದಲ್ಲ. ಗಂಡ ಬಣ್ಣ ಬಳಿಯುವವರು. ಹದಿನಾಲ್ಕು ವರ್ಷ ಅವರ ಮುಂದೆ ಮುಂದೆ ಗೋಡೆಗೆ ಗುಂಡಿ ಮುಚ್ಚುವ ಪುಟ್ಟಿ ಎಳೆದದ್ದು ಇವರು. ಏಳು ವರ್ಷದ ಹಿಂದೆ ಗಂಡ ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದರು, ಮಂಡಿ ಚೂರಾಯಿತು, ಜೋಡಿ ಕೆಲಸ ನಿಂತಿತು. ತಂಪಕ್ಕ ಕಂಪ್ಯೂಟರ್ ರಿಪೇರಿ ಅಂಗಡಿಗೆ ನೆಲ ಒರೆಸಲು ಸೇರಿದರು. ಅಲ್ಲೊಬ್ಬ ಮೆಕ್ಯಾನಿಕ್ ಪ್ರೊಸೆಸರಿಗೆ ಬ್ರೆಡ್ಡಿಗೆ ಬೆಣ್ಣೆ ಬಳಿದಂತೆ ಪೇಸ್ಟ್ ಬಳಿಯುತ್ತಿದ್ದ. ಒರೆಸುವ ಬಟ್ಟೆ ಹಿಡಿದುಕೊಂಡೇ ಇವರು, ಅಷ್ಟು ದಪ್ಪ ಆಗಬಾರದು ಎಂದುಬಿಟ್ಟರು. ಇಡೀ ಅಂಗಡಿ ನಕ್ಕಿತು. ಏಳನೇ ತರಗತಿಗೆ ಶಾಲೆ ಬಿಟ್ಟವರು ಕಂಪ್ಯೂಟರಿಗೆ ಬುದ್ಧಿ ಹೇಳುವುದೆಂದರೇನು? ಯಜಮಾನರು ತಮಾಷೆಗೆ ಟ್ಯೂಬ್ ಕೊಟ್ಟು, ನೀನೇ ಹಚ್ಚಮ್ಮ ಎಂದರು. ಇವರು ಹೆಸರುಕಾಳಿನಷ್ಟು ಮಾತ್ರ ಇಟ್ಟು, ಹೀಟ್ ಸಿಂಕ್ ಕೂರಿಸಿ, ಎದುರುಬದುರು ಮೂಲೆಯ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದರು. ಬಿಸಿ ಒಂಬತ್ತು ಡಿಗ್ರಿ ಇಳಿಯಿತು. ನಗು ಅಲ್ಲೇ ಕಟ್. ಮರುದಿನದಿಂದ ನೆಲ ಒರೆಸಲು ಬೇರೆಯವರು ಬಂದರು.

ಈಗ ಹನ್ನೊಂದು ಕಚೇರಿಗಳ ಆರು ನೂರಕ್ಕೂ ಹೆಚ್ಚು ಕಂಪ್ಯೂಟರ್ ಇವರ ಕೈಯಲ್ಲಿವೆ. ಒಂದಕ್ಕೆ ಇಪ್ಪತ್ತೆರಡು ನಿಮಿಷ. ಹಳೆಯ ಪೇಸ್ಟನ್ನು ಸ್ಪಿರಿಟ್ ಹಚ್ಚಿ ಒರೆಸುವುದಕ್ಕೇ ಅರ್ಧ ಸಮಯ ಹೋಗುತ್ತದೆ. ಇವರು ಕಂಡದ್ದನ್ನು ಕೇಳಿದರೆ ಕಂಪ್ಯೂಟರ್ ಮುಂದೆ ಕೂರುವುದಕ್ಕೇ ಭಯವಾಗಬೇಕು. ಒಂದು ಕಚೇರಿಯಲ್ಲಿ ಹೀಟ್ ಸಿಂಕ್ ಎತ್ತಿದಾಗ ಪುದೀನ ವಾಸನೆ ಮೂಗಿಗೆ ಹೊಡೆಯಿತಂತೆ. ಯಾರೋ ಪುಣ್ಯಾತ್ಮರು ಥರ್ಮಲ್ ಪೇಸ್ಟ್ ಬದಲು ಹಲ್ಲುಜ್ಜುವ ಪೇಸ್ಟ್ ಹಚ್ಚಿದ್ದರು. ಎರಡೂ ಪೇಸ್ಟೇ ಅಲ್ಲವೇ? ನಾಲ್ಕು ದಿನ ಸರಿಯಾಗೇ ಓಡಿತಂತೆ. ಐದನೇ ದಿನ ಒಣಗಿ ಸುಣ್ಣವಾಗಿ, ಲೆಕ್ಕಪತ್ರ ವಿಭಾಗದ ಕಂಪ್ಯೂಟರ್ ಹೊಗೆ ಬಿಟ್ಟಿತು. "ಅದೊಂದೇ ಮಿಷನ್ನು ನೋಡಿ, ಹಲ್ಲುಜ್ಜಿಕೊಂಡು ಸತ್ತಿದ್ದು," ಎನ್ನುತ್ತಾರೆ. ಮುಖದಲ್ಲಿ ನಗುವಿಲ್ಲ, ಯಾಕೆಂದರೆ ಇನ್ನೊಬ್ಬರ ತಪ್ಪಿಗೆ ನಗುವ ಧೈರ್ಯ ಅವರಿಗೆ ಹತ್ತು ದಿನದಿಂದ ಇಲ್ಲ.

ಹನ್ನೊಂದು ತಿಂಗಳ ಹಿಂದೆ ಈ ಕೊಠಡಿಯ ಹದಿನೆಂಟೂ ಕಂಪ್ಯೂಟರುಗಳಿಗೆ ಹೊಸ, ದೊಡ್ಡ ಹೀಟ್ ಸಿಂಕ್ ಬಂದವು. ಹಳೆಯವು ಸಣ್ಣವು, ಬೇಸಿಗೆಯಲ್ಲಿ ಎಲ್ಲವೂ ಆಮೆಗಳಾಗುತ್ತಿದ್ದವು. ತಂಪಕ್ಕ ಐದು ದಿನ ಮುಂಜಾನೆ ಬಂದು ಎಲ್ಲವನ್ನೂ ಬದಲಿಸಿದರು. ಹದಿನೇಳು ಸೀಟು ಬೆಣ್ಣೆಯಂತೆ ಓಡತೊಡಗಿದವು. ಏಳನೆಯದು ಮಾತ್ರ ಮಧ್ಯಾಹ್ನದ ಸೆಕೆಯಲ್ಲಿ, ಕರೆಗಳು ಒಂದರ ಮೇಲೊಂದು ಬೀಳುವ ಹೊತ್ತಿಗೆ, ಯಾವಾಗಲೋ ಒಮ್ಮೆ ಫಕ್ಕನೆ ಆರುತ್ತಿತ್ತು. ಮೆಕ್ಯಾನಿಕ್ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಬಂದು ಹತ್ತು ನಿಮಿಷ ಓಡಿಸಿ, ಏನೂ ತೊಂದರೆ ಇಲ್ಲ ಎಂದು ಬರೆದು ಹೋಗುತ್ತಿದ್ದ. ಎಲ್ಲ ಸರಿಯಿದ್ದು ಒಂದೇ ಸೀಟು ಕೆಡುತ್ತದೆಂದರೆ ತಪ್ಪು ಯಾರದು? ಸೀಟಿನಲ್ಲಿ ಕೂತವಳದೇ ಎಂದು ಎಲ್ಲರೂ ತೀರ್ಮಾನಿಸಿದರು.

ಕೂತವಳು ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗದ ಹುಡುಗಿ. ಕಳೆದ ತಿಂಗಳು ಒಂದು ಮಧ್ಯಾಹ್ನ ಎರಡು ಹತ್ತಕ್ಕೆ ಒಬ್ಬ ಮಗ ಫೋನ್ ಮಾಡುತ್ತಾನೆ. ಅಪ್ಪ ಕುಸಿದು ಬಿದ್ದಿದ್ದಾರೆ, ಮಾತು ನಿಂತಿದೆ. ಹಸಿರು ಗೇಟು, ನೀರಿನ ಟ್ಯಾಂಕಿನ ಹಿಂದಿನ ರಸ್ತೆ ಎನ್ನುತ್ತಾನೆ. ಯಾವ ಟ್ಯಾಂಕು ಎಂದು ಹುಡುಗಿ ಕೇಳುವಷ್ಟರಲ್ಲಿ ಪರದೆ ಕಪ್ಪಾಗುತ್ತದೆ. ಕರೆ ಬರುವುದೂ ಕಂಪ್ಯೂಟರಿನ ಮೂಲಕವೇ, ಹಾಗಾಗಿ ಅದೂ ಸತ್ತಿತು, ನಂಬರೂ ಹೋಯಿತು. ಆ ಮಗ ಮತ್ತೆ ಡಯಲ್ ಮಾಡಿ, ಸಾಲಿನಲ್ಲಿ ಕಾದು, ಬೇರೆ ಸೀಟಿಗೆ ಮೊದಲಿನಿಂದ ಎಲ್ಲ ಹೇಳುವಾಗ ನಾಲ್ಕು ನಿಮಿಷ ಕಳೆದಿತ್ತು. ಅಪ್ಪ ಬದುಕಿದರು. ಬಲಗೈ ಇನ್ನೂ ಏಳುತ್ತಿಲ್ಲ.

ಮನೆಯವರು ದೂರು ಕೊಟ್ಟರು. ಮೇಲಿನ ಸಮಿತಿ ಕೂತಿತು. ಹುಡುಗಿಯೇ ಬೇಸತ್ತು ಕರೆ ಕತ್ತರಿಸಿದ್ದಾಳೆ, ಇದು ಮೊದಲ ಸಲವೂ ಅಲ್ಲ, ಯಾಕೆ ಕೆಲಸದಿಂದ ತೆಗೆಯಬಾರದು ಎಂದು ನೋಟಿಸ್ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದು ಗಾದೆಯೆಂದು ಇಷ್ಟು ದಿನ ನಕ್ಕಿದ್ದೆವು. ಇಲ್ಲಿ ಜ್ವರ ಬಂದದ್ದು ನಿಜವಾಗಿಯೂ ಯಂತ್ರಕ್ಕೆ, ಬರೆ ಬಿದ್ದದ್ದು ನಿಜವಾಗಿಯೂ ಹುಡುಗಿಗೆ.

ಈ ಸುದ್ದಿ ತಂಪಕ್ಕನ ಕಿವಿಗೆ ಬಿದ್ದದ್ದು ಬೇರೊಂದು ಕಚೇರಿಯ ಟೀ ಗಾಡಿಯ ಹತ್ತಿರ. ಯಾರೋ ಹರಟೆಗೆ ಹೇಳಿದರು. ಇವರು ಮನೆಗೆ ಹೋಗಿ, ಚಪ್ಪಲಿಯನ್ನೂ ಬಿಡದೆ, ನೋಟ್‌ಬುಕ್ ತೆಗೆದರು. ಪೇಸ್ಟ್ ಹಚ್ಚಿದ ಪ್ರತಿ ಕಂಪ್ಯೂಟರಿನ ಬಿಸಿಯನ್ನು ಅದರಲ್ಲಿ ಬರೆದಿಡುವುದು ಅವರ ಪದ್ಧತಿ. ಹದಿನೆಂಟು ಸಾಲು. ನಲವತ್ತೊಂದು, ನಲವತ್ತು, ನಲವತ್ತೆರಡು, ಮೂವತ್ತೊಂಬತ್ತು. ಏಳನೇ ಸೀಟಿನ ಎದುರು ಐವತ್ತೆಂಟು.

ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ. ತಂಪಕ್ಕ ತಾವಾಗಿಯೇ ಹೆಗಲು ಮುಟ್ಟಿ ನೋಡಿಕೊಂಡರು.

ಹನ್ನೊಂದು ತಿಂಗಳ ಹಿಂದೆ ಮೊದಲು ಬಿಚ್ಚಿದ್ದು ಏಳನೆಯದನ್ನೇ. ಆ ಸೀಟು ಆಗ ಖಾಲಿಯಿತ್ತು. ಹಳೆಯ ಹೀಟ್ ಸಿಂಕಿನಲ್ಲಿ ಎಪ್ಪತ್ತು ಇದ್ದದ್ದು ಐವತ್ತೆಂಟಕ್ಕೆ ಇಳಿದಾಗ ಇವರಿಗೆ ಖುಷಿಯೋ ಖುಷಿ. ಹೋಲಿಸಿ ನೋಡಲು ಬೇರೆ ಯಾವುದೂ ಇರಲಿಲ್ಲ. ಮರುದಿನ ಮುಂದಿನದನ್ನು ಕೂರಿಸುವಾಗ ತಾಮ್ರದ ತಳದ ಒಂದು ಮೂಲೆಯಲ್ಲಿ ಏನೋ ಮಿಂಚಿತು. ಉಗುರು ಹಾಕಿ ಎಳೆದರೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಸಾಗಿಸುವಾಗ ತಾಮ್ರಕ್ಕೆ ಗೀರು ಬೀಳದಿರಲಿ ಎಂದು ಕಾರ್ಖಾನೆಯವರು ಅಂಟಿಸಿದ್ದು. ತೆಗೆಯಿರಿ ಎಂದು ಬರೆದಿರಲೂ ಇಲ್ಲ. ಅಲ್ಲಿಂದಾಚೆ ಪ್ರತಿಯೊಂದನ್ನೂ ಸುಲಿದೇ ಕೂರಿಸಿದರು. ಮೊದಲಿನದರಲ್ಲೂ ಅದು ಇದ್ದಿರಬೇಕು ಎಂಬುದು ಮಾತ್ರ ಹೊಳೆಯಲೇ ಇಲ್ಲ. ಐದು ದಿನದ ಕೆಲಸ ಮುಗಿಸಿ, ಹದಿನೆಂಟನ್ನೂ ಸುಲಿದೆ ಎಂದುಕೊಂಡೇ ಮನೆಗೆ ಹೋದರು.

ನೋಟ್‌ಬುಕ್ ನೋಡಿದ ಮರುದಿನ ಮುಂಜಾನೆ ಹೆಡ್ ಮೇಡಂ ಎದುರಿಗೇ ಏಳನೇ ಡಬ್ಬ ಬಿಚ್ಚಿದರು. ಹೀಟ್ ಸಿಂಕ್ ಎತ್ತಿದರೆ ಪೇಸ್ಟಿನಲ್ಲಿ ಒಂದು ಎಳೆಯೂ ತಪ್ಪಿಲ್ಲ, ಅಳತೆ ಅಚ್ಚುಕಟ್ಟು. ಅದರ ಮೇಲೆ, ತಾಮ್ರಕ್ಕೆ ಅಂಟಿಕೊಂಡು, ಬಿಸಿಗೆ ಹಳದಿಯಾಗಿ ಸುಕ್ಕುಗಟ್ಟಿದ ಹಾಳೆ. ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಇಷ್ಟೇನಾ ಎಂದರು. ಇಪ್ಪತ್ತಾರು ವರ್ಷ ಕರೆಗಳ ನಡುವೆಯೇ ಕಳೆದ ಆ ಹೆಂಗಸು ಕುರ್ಚಿ ಎಳೆದುಕೊಂಡು ಕೂತರು. ಇಂಥ ಹಾಳೆಗೆ ಒಬ್ಬ ಮನುಷ್ಯನ ಬಲಗೈ ಎಂದು ತಮಗೆ ತಾವೇ ಹೇಳಿಕೊಂಡರಂತೆ. ಯಾರು ಕೂರಿಸಿದ್ದು ಇದನ್ನು ಎಂದು ಕೇಳಿದರು.

"ನಾನೇ, ಮೇಡಂ."

ಹಾಗೆ ಹೇಳದೆಯೂ ಇರಬಹುದಿತ್ತು. ಯಾವ ಡಬ್ಬದ ಮೇಲೂ ಮುಚ್ಚಿದವರ ಹೆಸರಿರುವುದಿಲ್ಲ. ಹಿಂದಿನ ರಾತ್ರಿ ನೋಟ್‌ಬುಕ್ ಹಿಡಿದು ಅಂಗಡಿಗೆ ಹೋದಾಗಲೇ ಯಜಮಾನರು ಎಚ್ಚರಿಸಿದ್ದರು. ಸದ್ದಿಲ್ಲದೆ ಸರಿಮಾಡಿ ಬಾ, ಬಾಯಿಗೆ ಬೀಗ ಹಾಕಿಕೋ, ಇಲ್ಲದಿದ್ದರೆ ಈ ಕೊಠಡಿಯ ಕೆಲಸ ಹೋದ ದಿನ ನಿನ್ನದೂ ಹೋಗುತ್ತದೆ ಎಂದಿದ್ದರು. ತಂಪಕ್ಕ ಹೂಂ ಎಂದು ಮನೆಗೆ ಬಂದರು. ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದರು. ಮಂಡಿ ಮುರಿದ ಮೇಲೆ ಆ ಮನೆಯಲ್ಲಿ ಅಡುಗೆ ಅವರದು, ಬಾಯಿಯೂ ಅವರದೇ. ಊರಿನ ಮಿಷನ್ನೆಲ್ಲ ತಣ್ಣಗೆ ಮಾಡುತ್ತಾಳೆ, ನಾನು ಬಿಸಿಯಾದರೆ ಮಾತ್ರ ಇವಳ ಟ್ಯೂಬಿನಲ್ಲಿ ಪೇಸ್ಟ್ ಇರುವುದಿಲ್ಲ ಎಂದು ಬಂದವರಿಗೆಲ್ಲ ಹೇಳುವ ಮನುಷ್ಯ. ಅಂದು ಅವರು ಜೋಕು ಹೊಡೆಯಲಿಲ್ಲ.

"ನಾನು ಬಿದ್ದಾಗ ಕಂಟ್ರಾಕ್ಟರ್ ಏನಂದ ನೆನಪಿದ್ಯಾ? ಸಾರುವೆ ಸರಿಯಾಗೇ ಇತ್ತು, ಇವನೇ ಕುಡಿದಿದ್ದ ಅಂದ. ನಾನು ಜನ್ಮದಲ್ಲಿ ಕುಡಿದವನಲ್ಲ. ಗೊತ್ತಿದ್ದೋರು ನಾಲ್ಕು ಜನ ಇದ್ರು. ಒಬ್ರೂ ಬಾಯಿ ಬಿಡ್ಲಿಲ್ಲ."

ಅಷ್ಟು ಹೇಳಿ ತಟ್ಟೆ ಎತ್ತಿಕೊಂಡು ಹೋದರಂತೆ. ಹೇಳು ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ತಪ್ಪೊಪ್ಪಿಕೊಂಡ ಮೇಲೆ ತಂಪಕ್ಕ ಟೀ ಕೋಣೆಗೆ ಹೋಗಿ ಆ ಹುಡುಗಿಯ ಎದುರು ನಿಂತರು. ಹುಡುಗಿ ಬೈಯುತ್ತಾಳೆ, ಅಳುತ್ತಾಳೆ, ಕೆನ್ನೆಗೆ ಬಾರಿಸಿದರೂ ಸರಿಯೇ ಎಂದುಕೊಂಡು ಹೋದವರು. ನಾವು ಸಿನಿಮಾ ನೋಡಿ ಬೆಳೆದವರಿಗೂ ಇಲ್ಲೊಂದು ಕೆನ್ನೆಯೇಟು ಬೇಕೇ ಬೇಕು. ಹುಡುಗಿ ಲೋಟ ಕೆಳಗಿಟ್ಟಳು. "ಅಕ್ಕಾ, ಮೂರು ವಾರದಿಂದ ನಾನು ನನ್ನ ಬೆರಳನ್ನೇ ಅನುಮಾನಿಸ್ತಿದ್ದೆ," ಎಂದಳು. "ಗೊತ್ತಿಲ್ಲದೆ ನಾನೇ ಏನೋ ಒತ್ತಿರಬಹುದಾ ಅಂತ. ರಾತ್ರಿ ಹಾಸಿಗೆ ಮೇಲೂ ಬೆರಳಾಡಿಸಿ ನೋಡ್ತಿದ್ದೆ." ತಂಪಕ್ಕ ಮಾತ್ರ, ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನ್ನುತ್ತಾರೆ.

ಸಮಿತಿಯವರು ಮಾತ್ರ ಅಷ್ಟು ಸುಲಭಕ್ಕೆ ನಂಬುವವರಲ್ಲ. ಒಂದು ಪ್ಲಾಸ್ಟಿಕ್ ಚೂರಿಗೆ ಇಡೀ ಕಂಪ್ಯೂಟರ್ ಆರುತ್ತದೆಯೇ, ಹೆಂಗಸರು ಹೆಂಗಸರು ಸೇರಿ ಕಟ್ಟಿದ ಕಥೆಯಿರಬೇಕು ಎಂದರು. ಕೊನೆಗೆ ಹೆಡ್ ಮೇಡಂ ಹಟ ಹಿಡಿದು ಒಂದು ದಾರಿ ತೆಗೆದರು. ಹಾಳೆ ತೆಗೆದ ಅದೇ ಕಂಪ್ಯೂಟರ್, ಅದೇ ಹುಡುಗಿ, ಅದೇ ಮಧ್ಯಾಹ್ನ, ಮೂರು ದಿನ. ಒಮ್ಮೆಯೂ ಆರದಿದ್ದರೆ ನೋಟಿಸ್ ವಾಪಸ್. ಒಂದೇ ಒಂದು ಸಲ ಆರಿದರೂ ಹುಡುಗಿ ಮನೆಗೆ.

ತಂಪಕ್ಕನಿಗೆ ನಿದ್ದೆ ಹಾರಿರುವುದು ಇದಕ್ಕೇ. ಹಾಳೆ ಹೋಗಿದೆ, ಪೇಸ್ಟ್ ಹೊಸದು, ಸ್ಕ್ರೂ ಬಿಗಿ. ಆದರೆ ಹನ್ನೊಂದು ತಿಂಗಳು ಬೆಂದ ಪ್ರೊಸೆಸರ್ ಅದು. ಒಳಗೇನು ಸುಟ್ಟಿದೆ, ಏನು ಸೊರಗಿದೆ, ಯಾರು ಬಲ್ಲರು? "ಮೇಲಿಂದ ನೋಡಿದ್ರೆ ಚೆನ್ನಾಗೇ ಇದೆ. ಗೋಡೆ ಒಳಗೆ ನೀರು ಇಳಿದಿದ್ರೂ ಮೇಲಿಂದ ಚೆನ್ನಾಗೇ ಕಾಣತ್ತೆ," ಎನ್ನುತ್ತಾರೆ. ಸಾಲದ್ದಕ್ಕೆ ಉಳಿದ ಹದಿನೇಳನ್ನೂ ದಿನಕ್ಕೆ ನಾಲ್ಕರಂತೆ ಬಿಚ್ಚಿ ನೋಡುತ್ತಿದ್ದಾರೆ. ಯಾರೂ ಹೇಳಿಲ್ಲ. ಸುಲಿದಿದ್ದೇನೆ ಎಂಬ ತಮ್ಮ ನೆನಪನ್ನೇ ಈಗ ಅವರು ನಂಬುವುದಿಲ್ಲ.

ಮಧ್ಯಾಹ್ನ ಎರಡು. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗಿದೆ. ಕೊಠಡಿಯ ಎರಡು ಎಸಿಗಳಲ್ಲಿ ಒಂದು ಉಸಿರು ಬಿಡುತ್ತಿದೆಯೇ ಹೊರತು ತಂಪು ಬಿಡುತ್ತಿಲ್ಲ. ಹದಿನೆಂಟು ಸೀಟಿನಲ್ಲೂ ಕರೆ. ಏಳನೇ ಸೀಟಿನ ಪರದೆಯ ಮೂಲೆಯಲ್ಲಿ ಬಿಸಿ ತೋರಿಸುವ ಅಂಕಿಯೊಂದು ಕಾಣುವಂತೆ ಮೇಡಂ ಮಾಡಿಸಿದ್ದಾರೆ. ಹುಡುಗಿ ಬಂದವಳೇ ಒಂದು ಕಾಗದದ ಚೂರು ಹರಿದು ಅಂಕಿಯ ಮೇಲೆ ಅಂಟಿಸಿಬಿಟ್ಟಳು. ಅದನ್ನು ನೋಡುತ್ತ ಕೂತರೆ ಕರೆ ಮಾಡಿದವರ ಮಾತು ಕಿವಿಗೆ ಹೋಗುವುದಿಲ್ಲವಂತೆ. ಬಾಗಿಲ ಬಳಿ ನಿಂತ ತಂಪಕ್ಕನಿಗೆ ಈಗ ಏನೂ ಕಾಣುವುದಿಲ್ಲ. ಫ್ಯಾನಿನ ಸದ್ದು ಮಾತ್ರ ದಿಕ್ಕು. ಹದಿನೆಂಟು ಫ್ಯಾನಿನಲ್ಲಿ ಏಳನೆಯದರ ಸದ್ದು ಯಾವುದೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, ಅವರು ಸುಮ್ಮನಿರುವಂತೆ ಕೈ ಮಾಡುತ್ತಾರೆ.

ಎರಡೂಕಾಲಿಗೆ ಫ್ಯಾನ್ ಜೋರಾಗುತ್ತದೆ. ತಂಪಕ್ಕನ ಕೈ ಬಾಗಿಲ ಚೌಕಟ್ಟನ್ನು ಹಿಡಿಯುತ್ತದೆ. ಎರಡು ಮುಕ್ಕಾಲಿಗೆ ಮತ್ತೂ ಜೋರು. ಅಷ್ಟರಲ್ಲಿ ಏಳನೇ ಸೀಟಿಗೆ ಒಂದು ಕರೆ. ಯಾವುದೋ ತಾಯಿ, ಮಗು ಮಹಡಿ ಮೆಟ್ಟಿಲಿನಿಂದ ಉರುಳಿದೆ. ಹುಡುಗಿಯ ದನಿ ಏರುವುದಿಲ್ಲ, ಇಳಿಯುವುದಿಲ್ಲ. ಉಸಿರಾಡುತ್ತಿದೆಯಾ ಅಮ್ಮ, ಎತ್ತಬೇಡಿ, ಹಾಗೇ ಮಲಗಿರಲಿ, ಮನೆ ಯಾವ ರಸ್ತೆ ಎಂದು ಒಂದೊಂದೇ ಕೇಳುತ್ತಾಳೆ. ತಾಯಿ ಅಳುತ್ತ ರಸ್ತೆ ಹೇಳುತ್ತಾಳೆ, ಬಾಗಿಲ ನಂಬರ್ ಮರೆಯುತ್ತಾಳೆ, ಮತ್ತೆ ನೆನಪಿಸಿಕೊಳ್ಳುತ್ತಾಳೆ. ಬೆರಳುಗಳು ಕೀಲಿಗಳ ಮೇಲೆ ಓಡುತ್ತವೆ. ಹೆಡ್ ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದಾರೆ. ಹಿನ್ನೆಲೆ ಸಂಗೀತ ಒಂದೇ ಕಡಿಮೆ. ಇರದಿದ್ದುದೇ ಒಳ್ಳೆಯದಾಯಿತು, ಈ ಫ್ಯಾನಿನ ಸದ್ದೇ ಎದೆ ಒಡೆಯಲು ಸಾಕು. ವಿಳಾಸ ಪೂರ್ತಿ ಬೀಳುತ್ತದೆ. ಗಾಡಿ ಹೊರಡುತ್ತದೆ. ಪರದೆ ಬೆಳಗುತ್ತಲೇ ಇದೆ.

ಮೂರೂವರೆಗೆ ಹುಡುಗಿ ಕಾಗದ ಕೀಳುತ್ತಾಳೆ. ಅರವತ್ತೊಂಬತ್ತು. ಹಾಳೆಯಿದ್ದಾಗ ಇದೇ ಹೊತ್ತಿಗೆ ನೂರರ ಅಂಚಿಗೆ ಹೋಗಿ ಆರುತ್ತಿದ್ದ ಯಂತ್ರ. ಮೇಡಂ ತಮ್ಮ ಮೇಜಿಗೆ ಹೋಗಿ ಸಮಿತಿಗೆ ನಾಲ್ಕು ಸಾಲು ಬರೆದು ಸಹಿ ಹಾಕುತ್ತಾರೆ, ಓದಿಕೋ ಎಂದು ಹುಡುಗಿಗೆ ಕೊಡುತ್ತಾರೆ. ಅವಳು ಎರಡು ಸಲ ಓದುತ್ತಾಳೆ. ಮೂರನೇ ಸಲ ಓದುವಷ್ಟರಲ್ಲಿ ಮುಂದಿನ ಕರೆ ಬರುತ್ತದೆ, ಕಿವಿಗೆ ಹೆಡ್‌ಫೋನ್ ಏರುತ್ತದೆ.

ತಂಪಕ್ಕನ ಕೆಲಸದ ಬಗ್ಗೆ ಸಮಿತಿ ಇನ್ನೂ ಏನೂ ಹೇಳಿಲ್ಲ. ಅಂಗಡಿಯ ಯಜಮಾನರು ಹತ್ತು ದಿನದಿಂದ ಮುಖ ಕೊಟ್ಟು ಮಾತಾಡಿಲ್ಲ. ಹೆಡ್ ಮೇಡಂ ಮಾತ್ರ ಉಳಿದ ಸೀಟುಗಳಿಗೆ ನಾಳೆ ಐದೂವರೆಗೆ ಬರುತ್ತೀಯಲ್ಲ ಎಂದು ಕೇಳಿದ್ದಾರೆ. ಕೆಲಸ ಉಳಿದರೆ ಏನು ಆಸೆ ಎಂದು ತಂಪಕ್ಕನನ್ನು ಕೇಳಿದರೆ, ಬಲಗೈ ಏಳದ ಆ ಹಿರಿಯರನ್ನು ಒಮ್ಮೆ ನೋಡಿ, ಅದು ಆ ಹುಡುಗಿಯಲ್ಲ, ನಾನು ಎಂದು ಹೇಳಿ ಬರಬೇಕು ಎನ್ನುತ್ತಾರೆ. ಅವರ ಮನೆಯವರು ಒಳಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲವಂತೆ.

ಹೊರಗಿನ ಮೆಟ್ಟಿಲ ಮೇಲೆ ಫೋನ್ ಬಡಿದುಕೊಳ್ಳುತ್ತದೆ. ಗಂಡ. ಏನಾಯಿತು ಎಂದು ಕೇಳುತ್ತಿರಬೇಕು. ತಂಪಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಮೆಟ್ಟಿಲ ಮೇಲೆ ಕೂತು, ಈ ದಿನ ಮೊದಲ ಬಾರಿಗೆ ಆರಾಮಾಗಿ ಕಾಲು ಚಾಚುತ್ತಾರೆ.

"ಏನೂ ಆಗ್ಲಿಲ್ಲ ಕಣ್ರೀ," ಎನ್ನುತ್ತಾರೆ. "ಮೂರೂವರೆವರೆಗೂ ನಿಂತೇ ನೋಡ್ದೆ. ಏನೇನೂ ಆಗ್ಲಿಲ್ಲ."